ಮೇಲುಕೋಟೆಯ ಬೆಟ್ಟ, ಮಹಾರಾಜಾ ಕಾಲೇಜಿನ ಬೆಂಚು

1932ರಲ್ಲಿ ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್ ಪ್ರಕಾಶನದವರು ಮೈಸೂರಿನ ಮೇಷ್ಟರೊಬ್ಬರ ಪುಸ್ತಕವನ್ನು ಹೊರತಂದರು. ಬರೆದವರು ಎಂ. ಹಿರಿಯಣ್ಣ. ಪುಸ್ತಕದ ಹೆಸರು ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಷ್ಟೋ ವರ್ಷ ಹೇಳಿದ ಪಾಠಗಳೇ ಇದಕ್ಕೆ ಆಧಾರವೆಂದೂ ಕಾಲೇಜು ವಿದ್ಯಾರ್ಥಿಗಳಿಗೆ ಪಠ್ಯವಾಗಲಿ ಎಂಬುದೇ ಉದ್ದೇಶವೆಂದೂ ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಭಾರತೀಯ ದರ್ಶನಗಳ ಪರಿಚಯ ಬೇಕೆಂದವರ ಕೈಗೆ ದೇಶವಿದೇಶಗಳಲ್ಲಿ ಇಂದಿಗೂ ಮೊದಲು ಬರುವ ಪುಸ್ತಕಗಳಲ್ಲಿ ಅದೂ ಒಂದು. ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ರೈಲಿನಲ್ಲೋ ಗಾಡಿಯಲ್ಲೋ ಮೈಸೂರಿಗೆ ಹೋಗಿ, ಹಾಸ್ಟೆಲಿನಲ್ಲಿ ಉಂಡು, ಕಾಲೇಜಿನ ಬೆಂಚಿನ ಮೇಲೆ ಕೂತ ಹುಡುಗರು ಕೇಳಿದ ಪಾಠವೇ ಅಚ್ಚಾಗಿ ಲೋಕದ ಪಾಠವಾಯಿತು.

ನಾನು ಬೆಳಗೊಳದವನು. ಮೈಸೂರು–ಅರಸೀಕೆರೆ ರೈಲುದಾರಿಯಲ್ಲಿ ಮೈಸೂರು ಬಿಟ್ಟ ಮೇಲೆ ಬೇಗ ಸಿಗುವ ಸ್ಟೇಷನ್ನು ನಮ್ಮದು. ಅಪ್ಪ ಊರಿನ ಗೊಬ್ಬರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ನಾನು ಎಪ್ಪತ್ತರ ದಶಕದಲ್ಲಿ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ, ಆಮೇಲೆ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ತರ್ಕಶಾಸ್ತ್ರ ಹೇಳಿಕೊಟ್ಟೆ. ಈ ಸೀಮೆಯಲ್ಲಿ ತತ್ತ್ವಶಾಸ್ತ್ರದ ಮೊದಲ ಪಾಠ ಎಲ್ಲೆಲ್ಲಿ ನಡೆಯಿತು, ಯಾರು ಹೇಳಿದರು, ಯಾರು ಕೇಳಿದರು ಎಂಬುದನ್ನು ಬರೆದಿಡಬೇಕೆಂಬುದು ಬಹಳ ದಿನದ ಆಸೆ. ತತ್ತ್ವಶಾಸ್ತ್ರ ಇಂಗ್ಲಿಷಿನವರ ಜೊತೆ ಬಂದ ಸರಕು, ಹಳ್ಳಿಯ ಮಕ್ಕಳಿಗೆ ಅದು ದೂರದ ಮಾತು ಎಂದು ನನಗೆ ಮುಖಕ್ಕೇ ಹೇಳಿದವರಿದ್ದಾರೆ. ಇಲ್ಲಿಯ ಚರಿತ್ರೆ ಬೇರೆಯೇ ಇದೆ.

ಕಾಲೇಜು ಬರುವುದಕ್ಕೆ ಮುಂಚೆಯೇ ಇಲ್ಲಿ ಮೊದಲ ಪಾಠ ನಡೆಯುತ್ತಿತ್ತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ರಾಮಾನುಜಾಚಾರ್ಯರು ಬಂದು ನೆಲೆಸಿದ ಕ್ಷೇತ್ರ. ಚೆಲುವನಾರಾಯಣನ ವೈರಮುಡಿಗೆ ಜನ ಸೇರುವುದು ಎಲ್ಲರಿಗೂ ಗೊತ್ತು. ಆದರೆ ಆ ಬೆಟ್ಟದ ಮೇಲೆ 1854ರಿಂದ ಒಂದು ಸಂಸ್ಕೃತ ಪಾಠಶಾಲೆ ನಡೆದುಬಂದಿದೆ ಎಂಬುದು ಜಾತ್ರೆಗೆ ಬಂದುಹೋಗುವ ಎಷ್ಟೋ ಜನಕ್ಕೆ ತಿಳಿಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಶ್ರೀವೇದ ವೇದಾಂತ ಬೋಧಿನೀ ಮಹಾಪಾಠಶಾಲೆ ಎಂದು ಅದರ ಹೆಸರು. ವೇದಾಂತಕ್ಕೆ ಕೈಹಾಕುವ ಮೊದಲು ವಿದ್ಯಾರ್ಥಿಗೆ ವ್ಯಾಕರಣವೂ ತರ್ಕವೂ ಆಗಬೇಕು ಎಂಬುದು ಪಾಠಶಾಲೆಗಳ ಹಳೆಯ ಕ್ರಮ. ತರ್ಕಕ್ಕೆ ಮೊದಲ ಪುಸ್ತಕ ಅನ್ನಂಭಟ್ಟನ ‘ತರ್ಕಸಂಗ್ರಹ’. ಹದಿನೇಳನೆಯ ಶತಮಾನದ ಸಣ್ಣ ಪುಸ್ತಕ, ಅಚ್ಚು ಮಾಡಿದರೆ ಕೆಲವೇ ಪುಟ. ಎಳೆಯರಿಗೆ ಸುಲಭವಾಗಿ ಅರ್ಥವಾಗಲೆಂದೇ ಬರೆಯುತ್ತಿದ್ದೇನೆ ಎಂದು ಗ್ರಂಥಕಾರನೇ ಆರಂಭದಲ್ಲಿ ಹೇಳಿಕೊಂಡಿದ್ದಾನೆ. ವಿಶ್ವವಿದ್ಯಾನಿಲಯದವರು ಪ್ರವೇಶ ಪಠ್ಯ ಎನ್ನುವುದನ್ನು ಅವನು ಮುನ್ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದ.

ಆ ಪುಸ್ತಕ ಎಷ್ಟು ನೇರವಾಗಿ ಶುರುವಾಗುತ್ತದೆಂದರೆ, ಲೋಕದಲ್ಲಿ ಏನೇನಿದೆ ಎಂಬುದರ ಪಟ್ಟಿಯನ್ನೇ ಮೊದಲು ಕೊಟ್ಟುಬಿಡುತ್ತದೆ: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಅಭಾವ. ದ್ರವ್ಯಗಳು ಒಂಬತ್ತು. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ ಆದ ಮೇಲೆ ಕಾಲ, ದಿಕ್ಕು, ಆತ್ಮ, ಮನಸ್ಸು. ಮಕ್ಕಳಿಗೆ ನಾನು ಈ ಪಟ್ಟಿ ಹೇಳಿದಾಗಲೆಲ್ಲ ಕೊನೆಯ ‘ಅಭಾವ’ದ ಹತ್ತಿರ ತರಗತಿ ನಿಲ್ಲುತ್ತಿತ್ತು. “ಇಲ್ಲ ಅನ್ನೋದೂ ಒಂದು ಪದಾರ್ಥವಾ ಸಾರ್?” ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು. ನೆಲದ ಮೇಲೆ ಗಡಿಗೆ ಇಲ್ಲ ಎಂದು ನಿನಗೆ ಗೊತ್ತಾಗುತ್ತದಲ್ಲ, ಆ ಗೊತ್ತಾಗುವಿಕೆಗೆ ಒಂದು ವಿಷಯ ಬೇಕೋ ಬೇಡವೋ ಎಂದು ನಾನು ತಿರುಗಿ ಕೇಳುತ್ತಿದ್ದೆ. ಆ ಪ್ರಶ್ನೆಯ ಮೇಲೆ ನೈಯಾಯಿಕರೂ ಮೀಮಾಂಸಕರೂ ಬೌದ್ಧರೂ ಶತಮಾನಗಟ್ಟಲೆ ವಾದಿಸಿದ್ದಾರೆ. ಹದಿನಾರು ವರ್ಷದ ಹುಡುಗಿಯೊಬ್ಬಳು ಶಾಸ್ತ್ರ ಓದದೆ ಅದೇ ಜಾಗಕ್ಕೆ ಬಂದು ನಿಲ್ಲುವುದನ್ನು ನೋಡುವ ಭಾಗ್ಯ ಮೇಷ್ಟರಿಗೆ ಮಾತ್ರ ಸಿಗುವಂಥದ್ದು.

ಪಾಠಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನೂ ಹೇಳಬೇಕು. ಆ ಕಾಲದಲ್ಲಿ ಅಲ್ಲಿ ಕೂತು ಓದಿದವರು ಬಹುಪಾಲು ಬ್ರಾಹ್ಮಣ ಮನೆಗಳ ಗಂಡುಮಕ್ಕಳು. ಮೇಲುಕೋಟೆಯ ದೇವಾಲಯದಲ್ಲಿ ವರ್ಷಕ್ಕೊಮ್ಮೆ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ತಿರುಕುಲದವರಿಗೆ ಪ್ರವೇಶ ಕೊಟ್ಟವರು ರಾಮಾನುಜರು ಎಂಬ ಹೆಮ್ಮೆಯ ಪರಂಪರೆ ಇದೆ. ದೇವರ ಬಾಗಿಲು ಅಷ್ಟಾದರೂ ತೆರೆಯಿತು, ತರ್ಕದ ಬಾಗಿಲು ಅಷ್ಟೂ ತೆರೆಯಲಿಲ್ಲ.

ಹಾಗೆಂದು ಒಕ್ಕಲು ಮನೆಗಳಲ್ಲಿ ತತ್ತ್ವ ಇರಲಿಲ್ಲವೆಂದಲ್ಲ. ನನ್ನ ತಾತ ಗುರುಬೋಧೆ ತೆಗೆದುಕೊಂಡವರು. ಈ ಕಡೆಯ ಹಳ್ಳಿಗಳಲ್ಲಿ ಬೋಧೆ ಪಡೆದವರು ರಾತ್ರಿ ಸೇರಿ ತಂಬೂರಿ, ತಾಳ, ದಮ್ಮಡಿ ಹಿಡಿದು ತತ್ವಪದ ಹಾಡುವುದು, ಸಾವಿನ ಮನೆಯಲ್ಲಿ ಬೆಳಗಿನವರೆಗೆ ಕೂತು ಹಾಡುವುದು ರೂಢಿ. ದೇಹ ಯಾವುದು, ಜೀವ ಯಾವುದು, ‘ನಾನು’ ಎನ್ನುವವನು ಎಲ್ಲಿದ್ದಾನೆ ಎಂಬುದೇ ಆ ಪದಗಳ ವಸ್ತು. ನಾನು ಕಾಲೇಜಿಗೆ ಸೇರುವಾಗ ತಾತ ಜಗಲಿಯ ಮೇಲೆ ಕೂರಿಸಿಕೊಂಡು ಕೇಳಿದ್ದರು: “ಅದೇನ್ಲಾ ಮಗ ಮೈಸೂರ್ಗೆ ಹೋಗಿ ಕಲಿಯೋದು? ನಾನ್ಯಾರು ಅಂತ ತಾನೇ? ಅದ್ನ ನಮ್ ಗುರುಗಳು ಹೇಳ್ಕೊಟ್ಟವ್ರಲ್ಲ.” “ಅವರು ಹೇಳಿದ್ದು ಸರಿಯೋ ತಪ್ಪೋ ಅಂತ ಕೇಳೋದನ್ನ ಅಲ್ಲಿ ಕಲಿಸ್ತಾರೆ ತಾತ” ಎಂದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಹೋಗು. ಕೇಳೋದ ಕಲ್ತ್ಕೊಂಡು ಬಂದು ನನ್ನನ್ನೂ ಕೇಳು” ಎಂದರು. ನನ್ನ ಮಟ್ಟಿಗೆ ತತ್ತ್ವಶಾಸ್ತ್ರದ ಮೊದಲ ಪಾಠ ಆ ಜಗಲಿಯ ಮೇಲೇ ಆಯಿತು. ಪಾಠಶಾಲೆಗೂ ಬೋಧೆಗೂ ಇದ್ದ ಒಂದು ಹೋಲಿಕೆಯನ್ನು ಆಮೇಲೆ ಕಂಡುಕೊಂಡೆ. ಎರಡೂ ಕಡೆ ನೀವು ಒಂದು ಮತದ, ಒಂದು ಗುರುವಿನ ಕೈಕೆಳಗೆ ಬಂದು ಕಲಿಯಬೇಕು. ಎದುರಾಳಿಯ ಮಾತು ಅಲ್ಲಿ ಬರುವುದು ಪೂರ್ವಪಕ್ಷವಾಗಿ, ಖಂಡಿಸುವುದಕ್ಕಾಗಿ.

ಎದುರಾಳಿಗಳಿಗಂತೂ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿ ಇದೆ. ಗಂಗರ ಕಾಲದಿಂದ ಹೊಯ್ಸಳರ ಕಾಲದವರೆಗೆ ಜೈನರು ಬಾಳಿದ ಊರು. ಯಾವ ಮಾತೂ ಒಂದು ದೃಷ್ಟಿಯಿಂದ ಮಾತ್ರ ನಿಜ ಎನ್ನುವ ಸ್ಯಾದ್ವಾದ ಅವರದು. ತೊಣ್ಣೂರಿನ ಕೆರೆಯ ದಡದಲ್ಲಿ ರಾಮಾನುಜರು ಜೈನ ವಿದ್ವಾಂಸರೊಡನೆ ವಾದ ಮಾಡಿ ಗೆದ್ದರೆಂಬ ಐತಿಹ್ಯವನ್ನು ಅಲ್ಲಿ ಈಗಲೂ ಹೇಳುತ್ತಾರೆ. ನಾಗಮಂಗಲ ತಾಲ್ಲೂಕಿನದೇ ಆದ ಆದಿಚುಂಚನಗಿರಿಯಲ್ಲಿ ನಾಥಪಂಥದ ಪರಂಪರೆ. ಇನ್ನು ಶ್ರೀರಂಗಪಟ್ಟಣ. 1799ರಲ್ಲಿ ಕೋಟೆ ಬಿದ್ದಾಗ ಟಿಪ್ಪು ಸುಲ್ತಾನನ ಗ್ರಂಥಭಂಡಾರ ಕಂಪನಿಯವರ ಕೈಸೇರಿತು. ಸುಮಾರು 2000 ಹಸ್ತಪ್ರತಿಗಳು. ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಅವುಗಳ ವಿವರಣಾತ್ಮಕ ಪಟ್ಟಿಯೊಂದನ್ನು ಅಚ್ಚು ಹಾಕಿಸಿದ. ಅರಬ್ಬೀ, ಫಾರಸಿಯ ನೀತಿಶಾಸ್ತ್ರ, ಸೂಫಿ ಚಿಂತನೆ, ತತ್ತ್ವಗಳ ಪುಸ್ತಕಗಳು ಅದರಲ್ಲಿವೆ. ಅರಬ್ಬೀ ತತ್ತ್ವಶಾಸ್ತ್ರದ ಒಂದು ಬೇರು ಅರಿಸ್ಟಾಟಲನಲ್ಲಿದೆ. ಅಂದಮೇಲೆ ಗ್ರೀಕರ ವಿಚಾರ ಕಾವೇರಿಯ ದ್ವೀಪಕ್ಕೆ ಬರಲು ಇಂಗ್ಲಿಷ್ ಕಾಲೇಜಿಗಾಗಿ ಕಾಯಬೇಕಾಗಿರಲಿಲ್ಲ. ಆ ಪುಸ್ತಕಗಳು ಕಲ್ಕತ್ತೆಗೂ ಲಂಡನ್ನಿಗೂ ಹೋದವು. ಪಟ್ಟಣದಲ್ಲಿ ಅವನ್ನು ಓದಬಲ್ಲವರ ಪರಂಪರೆಯೂ ಅವುಗಳ ಹಿಂದೆಯೇ ಕರಗಿತು. ಇದು ನಮ್ಮ ಸೀಮೆಗಾದ ದೊಡ್ಡ ನಷ್ಟ.

ಇಷ್ಟೆಲ್ಲ ಇದ್ದೂ ಇಲ್ಲದಿದ್ದದ್ದು ಒಂದೇ: ಯಾರು ಬೇಕಾದರೂ ಬಂದು ಕೂತು, ಯಾವ ದೀಕ್ಷೆಯೂ ಇಲ್ಲದೆ, ಎಲ್ಲ ಪಕ್ಷಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಜಾಗ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಆ ಜಾಗ ಹುಟ್ಟಿತು. ಅಲ್ಲಿಯವರೆಗೆ ಮಹಾರಾಜಾ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು, ಪಾಠದ ಕ್ರಮವೂ ಪರೀಕ್ಷೆಯೂ ಅಲ್ಲಿಂದ ಬರುತ್ತಿದ್ದವು. ಹೊಸ ವಿಶ್ವವಿದ್ಯಾನಿಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಬೊಂಬಾಯಿಯ ಪಾರ್ಸಿ ವಿದ್ವಾಂಸ ಎ.ಆರ್. ವಾಡಿಯಾ ತತ್ತ್ವಶಾಸ್ತ್ರಕ್ಕೆ ಬಂದರು. ಸ್ತ್ರೀಸ್ವಾತಂತ್ರ್ಯದ ನೀತಿಯನ್ನು ಕುರಿತು 1923ರಲ್ಲೇ ಒಂದು ಪುಸ್ತಕ ಬರೆದ ಮನುಷ್ಯ ಅವರು. 1918ರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಪ್ರಾಧ್ಯಾಪಕರಾಗಿ ಸೇರಿದರು. ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಸಾರೋಟು ಎಳೆದುಕೊಂಡು ಸ್ಟೇಷನ್ನಿಗೆ ಹೋದ ಕತೆಯನ್ನು ಮೈಸೂರಿನವರು ಇಂದಿಗೂ ಹೇಳುತ್ತಾರೆ. ಇದನ್ನು ಗುರುಭಕ್ತಿಯ ಕತೆಯಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಬೇರೆಯೂ ಕಾಣುತ್ತದೆ. ವಕೀಲರಾಗುವುದಕ್ಕೋ ಅಮಲ್ದಾರರಾಗುವುದಕ್ಕೋ ಓದುತ್ತಿದ್ದ ಹುಡುಗರಿಗೆ ಮೂರು ವರ್ಷದಲ್ಲಿ ತತ್ತ್ವಶಾಸ್ತ್ರದ ಮೇಷ್ಟರೊಬ್ಬರು ಅಷ್ಟು ಬೇಕಾದವರಾಗಿದ್ದರು.

ಆ ದಿನಗಳಲ್ಲಿ ತತ್ತ್ವಶಾಸ್ತ್ರ ಎಂದರೆ ತರ್ಕ, ನೀತಿಶಾಸ್ತ್ರ, ಮನಶ್ಶಾಸ್ತ್ರ, ದರ್ಶನಗಳ ಇತಿಹಾಸ ಎಲ್ಲವೂ ಸೇರಿದ್ದ ದೊಡ್ಡ ಮನೆ. 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಕೈಯಲ್ಲಿ ಮನಶ್ಶಾಸ್ತ್ರ ಬೇರೆ ವಿಭಾಗವಾಗಿ ಹೊರಬಂತು. ತತ್ತ್ವಶಾಸ್ತ್ರ ಓದಿದವರೆಲ್ಲ ತತ್ತ್ವಜ್ಞಾನಿಗಳಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಕುವೆಂಪು ಬಿ.ಎ.ಗೆ ಓದಿದ್ದು ತತ್ತ್ವಶಾಸ್ತ್ರ. ನಮ್ಮ ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ಎಂ.ಎ. ಮಾಡಿದ್ದೂ ಮೈಸೂರಿನಲ್ಲಿ, ಇದೇ ವಿಷಯದಲ್ಲಿ. ತರ್ಕಶಾಸ್ತ್ರದ ಅಧ್ಯಾಪಕರಾಗಿದ್ದ ಅವರ ಕಾದಂಬರಿಗಳಲ್ಲಿ ಪಾತ್ರಗಳು ವಾದಕ್ಕೆ ಕೂರುವ ರೀತಿಯಲ್ಲೇ ಆ ತರಬೇತಿ ಗೊತ್ತಾಗುತ್ತದೆ.

ಹಿರಿಯಣ್ಣನವರ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ನಾನು ಹೇಳಬೇಕಾದದ್ದರ ತಿರುಳು ಅವರಲ್ಲೇ ಇದೆ. 1871ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಓರಿಯಂಟಲ್ ಲೈಬ್ರರಿಯಲ್ಲಿ ಕೆಲಸ ಮಾಡಿ, ಉಪಾಧ್ಯಾಯರಾಗಿದ್ದು, 1912ರಲ್ಲಿ ಮಹಾರಾಜಾ ಕಾಲೇಜಿಗೆ ಸಂಸ್ಕೃತ ಹೇಳಲು ಬಂದರು. 1927ರಲ್ಲಿ ನಿವೃತ್ತರಾಗಿ ಐದು ವರ್ಷಕ್ಕೆ ಪುಸ್ತಕ ಕೊಟ್ಟರು. ತತ್ತ್ವಶಾಸ್ತ್ರ ವಿಭಾಗದವರು ಇಂಗ್ಲಿಷಿನ ಬಾಗಿಲಿಂದ ಬಂದರೆ ಇವರು ಪಾಠಶಾಲೆಯ ಬಾಗಿಲಿಂದ ಬಂದವರು. ಮೂಲ ಸೂತ್ರ, ಭಾಷ್ಯ, ಟೀಕೆಗಳನ್ನು ಪಂಡಿತರಂತೆ ಓದಿ, ಏನೂ ಓದದ ಹುಡುಗನಿಗೆ ಹೇಳುವಂತೆ ಬರೆಯುವುದು ಅವರಿಗೆ ಒಲಿದಿತ್ತು.

ಆ ಪುಸ್ತಕದ ಮೂರು ಭಾಗಗಳಲ್ಲಿ ಕೊನೆಯದು ದರ್ಶನಗಳದ್ದು. ಅಲ್ಲಿ ಮತಗಳ ವಿವರಣೆ ಚಾರ್ವಾಕರಿಂದ ಶುರುವಾಗುತ್ತದೆ. ಪ್ರತ್ಯಕ್ಷ ಬಿಟ್ಟು ಬೇರೆ ಪ್ರಮಾಣವಿಲ್ಲ, ದೇಹ ಬಿಟ್ಟು ಆತ್ಮವಿಲ್ಲ ಎಂದವರು ಅವರು. ಆಮೇಲೆ ಬೌದ್ಧರು, ನ್ಯಾಯ–ವೈಶೇಷಿಕ, ಸಾಂಖ್ಯ–ಯೋಗ, ಮೀಮಾಂಸೆ, ಅದ್ವೈತ. ಕೊನೆಯ ಅಧ್ಯಾಯ ರಾಮಾನುಜರ ವಿಶಿಷ್ಟಾದ್ವೈತ. ಚಾರ್ವಾಕರಿಗೂ ಅವರ ಮಾತು ಹೇಳಲು ಪೂರ್ತಿ ಅವಕಾಶವಿದೆ. ಅವರ ಗ್ರಂಥಗಳು ಉಳಿದಿಲ್ಲ, ಎದುರಾಳಿಗಳು ಬರೆದಿಟ್ಟ ಮಾತಿನಿಂದಲೇ ಅವರನ್ನು ತಿಳಿಯಬೇಕಾಗಿದೆ, ಆದ್ದರಿಂದ ಎಚ್ಚರ ಬೇಕು ಎಂಬ ನ್ಯಾಯಬುದ್ಧಿ ಅಲ್ಲಿದೆ. ಯಾವ ಮತವನ್ನೂ ಕೀಳು ಮಾಡದೆ, ಆ ಮತದವನೇ ನಿಂತು ಹೇಳುತ್ತಿದ್ದಾನೋ ಎಂಬಂತೆ ಅದರ ಒಳತರ್ಕವನ್ನು ಬಿಡಿಸಿಡುತ್ತಾರೆ. ಪಾಠಶಾಲೆಯಲ್ಲಿ ಪೂರ್ವಪಕ್ಷವಾಗಿ ಸೋಲಲೆಂದೇ ಬರುತ್ತಿದ್ದವರು ಇಲ್ಲಿ ತಮ್ಮ ಹಕ್ಕಿನಿಂದ ಬಂದು ಕೂತರು. ವಿಶ್ವವಿದ್ಯಾನಿಲಯದ ಮೊದಲ ವರ್ಷದ ತರಗತಿ ಈ ನಾಡಿಗೆ ಕೊಟ್ಟ ಹೊಸದು ಇದು ಎಂದು ನನ್ನ ನಂಬಿಕೆ.

ಆ ಅಧ್ಯಾಯಗಳ ಎರಡು ಕೊನೆಗಳನ್ನು ನೋಡಿದಾಗಲೆಲ್ಲ ಮಂಡ್ಯ ಜಿಲ್ಲೆಯ ಇಬ್ಬರು ನನ್ನ ಕಣ್ಣಮುಂದೆ ಬರುತ್ತಾರೆ. ಪು.ತಿ. ನರಸಿಂಹಾಚಾರ್ 1905ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದವರು. ಎ.ಎನ್. ಮೂರ್ತಿರಾವ್ 1900ರಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ, ಹೇಮಾವತಿಯ ದಡದಲ್ಲಿ ಹುಟ್ಟಿದವರು. ಅಕ್ಕಿಹೆಬ್ಬಾಳು ನಮ್ಮ ಬೆಳಗೊಳದ ರೈಲುದಾರಿಯಲ್ಲೇ ಮುಂದೆ ಸಿಗುವ ಊರು. ಇಬ್ಬರೂ ಮಹಾರಾಜಾ ಕಾಲೇಜಿನ ಪಡಸಾಲೆ ಹಾದುಬಂದವರು. ಪು.ತಿ.ನ. ಅಲ್ಲಿ ತತ್ತ್ವಶಾಸ್ತ್ರವನ್ನೇ ಓದಿ, ಸರ್ಕಾರಿ ಕಚೇರಿಯಲ್ಲಿ ದುಡಿದು, ‘ಗೋಕುಲ ನಿರ್ಗಮನ’ದಂಥ ಕೃತಿ ಬರೆದರು. ಮೇಲುಕೋಟೆಯ ಭಕ್ತಿ ಅವರಲ್ಲಿ ಕುರುಡಾಗಲಿಲ್ಲ, ಪ್ರಶ್ನೆ ಕೇಳಿಕೊಂಡೇ ಹಾಡಾಯಿತು. ಬೆಟ್ಟದ ಮೇಲಿನ ಅವರ ಮನೆ ಈಗ ಸ್ಮಾರಕವಾಗಿದೆ. ಕಲ್ಯಾಣಿಗೆ ಹೋದವರು ಅಲ್ಲಿಗೂ ಹೋಗಿಬರಬೇಕು.

ಮೂರ್ತಿರಾಯರು ಇಂಗ್ಲಿಷ್ ಅಧ್ಯಾಪಕರು, ಕನ್ನಡದ ದೊಡ್ಡ ಪ್ರಬಂಧಕಾರರು. ತತ್ತ್ವಶಾಸ್ತ್ರ ವಿಭಾಗಕ್ಕೆ ಸೇರಿದವರಲ್ಲ. ಆದರೂ ಕನ್ನಡದಲ್ಲಿ ತತ್ತ್ವಶಾಸ್ತ್ರಕ್ಕೆ ಒಳ್ಳೆಯ ಪ್ರವೇಶ ಯಾವುದು ಎಂದು ಕೇಳಿದರೆ ನಾನು ಮೊದಲು ಅವರ ಎರಡು ಪುಸ್ತಕಗಳ ಹೆಸರನ್ನೇ ಹೇಳುತ್ತೇನೆ. ಒಂದು ‘ಸಾಕ್ರೆಟೀಸನ ಕೊನೆಯ ದಿನಗಳು’, ಪ್ಲೇಟೋನ ಸಂವಾದಗಳ ಅನುವಾದ. ಅಥೆನ್ಸಿನ ನ್ಯಾಯಸ್ಥಾನದಲ್ಲಿ ನಿಂತು, ಆಮೇಲೆ ಸೆರೆಮನೆಯಲ್ಲಿ ಗೆಳೆಯರ ಜೊತೆ ಕೂತು, ಸಾಯುವ ಗಳಿಗೆಯವರೆಗೂ ಪ್ರಶ್ನೆ ಬಿಡದ ಆ ಮುದುಕನ ಮಾತು ಕೇಳಿಯೇ ಲೋಕದ ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ತತ್ತ್ವಶಾಸ್ತ್ರದ ಮೊದಲ ವಾರ ಶುರುವಾಗುತ್ತದೆ. ಇನ್ನೊಂದು ‘ದೇವರು’. 1991ರಲ್ಲಿ, ತೊಂಬತ್ತು ದಾಟಿದ ಮೇಲೆ ಪ್ರಕಟಿಸಿದ್ದು. ಆ ವಯಸ್ಸಿಗೆ ಜನ ದೇವರ ಕಡೆ ತಿರುಗುತ್ತಾರೆ. ಅವರು ದೇವರು ಇದ್ದಾನೆ ಎನ್ನುವುದಕ್ಕೆ ಕೊಡುವ ಕಾರಣಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಲೋಕದಲ್ಲಿ ಇಷ್ಟು ಸಂಕಟವಿರುವಾಗ ಸರ್ವಶಕ್ತನೂ ದಯಾಮಯನೂ ಆದವನು ಹೇಗಿರಲು ಸಾಧ್ಯ ಎಂದು ಕೇಳಿದರು. ತಾನು ನಂಬಲಾರೆ ಎಂದು ಹೇಳಿದರು. ನಂಬುವವರನ್ನು ಎಲ್ಲೂ ಹೀಯಾಳಿಸಲಿಲ್ಲ. ಆಸ್ತಿಕರ ಮನೆಗಳಲ್ಲೂ ಆ ಪುಸ್ತಕವನ್ನು ಓದಿದರು. ನನ್ನ ಹೆಂಡತಿ ಪ್ರತಿ ಶನಿವಾರ ದೇವಸ್ಥಾನಕ್ಕೆ ಹೋಗುವವಳು. ಅವಳು ‘ದೇವರು’ ಓದಿ ಮುಗಿಸಿ, “ಇವರ ಹತ್ತಿರ ಜಗಳ ಆಡಬಹುದು, ಇವರ ಮೇಲೆ ಕೋಪ ಮಾಡ್ಕೊಳ್ಳೋಕಾಗಲ್ಲ” ಎಂದಳು. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಮೇಲುಕೋಟೆಯಿಂದ ಅಕ್ಕಿಹೆಬ್ಬಾಳಿಗೆ ಒಂದು ಬೆಳಗ್ಗೆಯಲ್ಲಿ ಹೋಗಿಬರಬಹುದು. ಅಷ್ಟು ಹತ್ತಿರದ ಎರಡು ಊರುಗಳಿಂದ ದೇವರ ವಿಷಯದಲ್ಲಿ ಇಷ್ಟು ದೂರ ನಿಂತ ಇಬ್ಬರು ಹೊರಟು, ಒಂದೇ ಕಾಲೇಜಿನಲ್ಲಿ ಓದಿ, ಒಂದೇ ಭಾಷೆಯಲ್ಲಿ ಬರೆದು, ಇಬ್ಬರೂ ಗೌರವ ಪಡೆದರು. ಎರಡೂ ದನಿಗೆ ಜಾಗ ಕೊಡುವ ತರಗತಿಯೊಂದು ನಡುವೆ ಇದ್ದದ್ದರಿಂದ ಅದು ಸಾಧ್ಯವಾಯಿತು.

ಇಂಗ್ಲಿಷಿನ ತೊಡಕು ಮಾತ್ರ ಇದ್ದೇ ಇತ್ತು. ಹಿರಿಯಣ್ಣನವರ ಪುಸ್ತಕವೂ ಇಂಗ್ಲಿಷಿನದ್ದೇ, ಕನ್ನಡಕ್ಕೆ ಬಂದದ್ದು ಆಮೇಲೆ. ಪ್ರಾಧ್ಯಾಪಕ ಜಿ. ಹನುಮಂತರಾಯರು ಪಾಶ್ಚಾತ್ಯ ತತ್ತ್ವಶಾಸ್ತ್ರದ ಇತಿಹಾಸವನ್ನು ಕನ್ನಡದಲ್ಲಿ ಬರೆದು ದೊಡ್ಡ ಉಪಕಾರ ಮಾಡಿದರು. ಎಂ. ಯಾಮುನಾಚಾರ್ಯರು ತತ್ತ್ವಶಾಸ್ತ್ರ ವಿಭಾಗದಲ್ಲಿದ್ದುಕೊಂಡೇ ಆಳ್ವಾರರನ್ನೂ ರಾಮಾನುಜರನ್ನೂ ಕುರಿತು ಬರೆದರು. ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ ಮೇಷ್ಟರುಗಳನ್ನು ಊರೂರಿಗೆ ಕಳಿಸಿತು, ಆ ಭಾಷಣಗಳನ್ನು ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಅಂಥ ಪುಸ್ತಕಗಳು ನನಗೆ ಸಿಕ್ಕಿದ್ದು ನಮ್ಮೂರಿನ ಸ್ಕೂಲು ಮೇಷ್ಟರೊಬ್ಬರ ಟ್ರಂಕಿನಲ್ಲಿ. ಹಳದಿಯಾದ ಕಾಗದ, ಹೊಲಿಗೆ ಬಿಚ್ಚಿದ ಬೆನ್ನು, ಅಂಚಿನಲ್ಲಿ ಪೆನ್ಸಿಲಿನ ಗುರುತು. ಕಾಲೇಜು ಮೆಟ್ಟಿಲು ಹತ್ತದ ಮನುಷ್ಯ ಸಾಕ್ರೆಟೀಸನ ಹೆಸರಿನ ಪಕ್ಕ ‘ನಿಜ’ ಎಂದೂ ಇನ್ನೊಂದು ಕಡೆ ‘ಒಪ್ಪಲಾರೆ’ ಎಂದೂ ಬರೆದಿದ್ದರು. ನಾನು ಈ ವಿಷಯ ಆರಿಸಿಕೊಂಡದ್ದಕ್ಕೆ ಆ ‘ಒಪ್ಪಲಾರೆ’ಯೂ ಒಂದು ಕಾರಣ.

ನಾನು ಪಾಠ ಹೇಳುತ್ತಿದ್ದ ಪಿಯುಸಿ ತರಗತಿಯಲ್ಲಿ ಅರಿಸ್ಟಾಟಲನ ವಾಕ್ಯಗಳ ಚೌಕ, ಮಿಲ್ ಹೇಳಿದ ಕಾರ್ಯಕಾರಣದ ವಿಧಾನಗಳು, ಭಾರತೀಯ ಅನುಮಾನ ಎಲ್ಲವನ್ನೂ ತರುತ್ತಿದ್ದೆ. ಈ ಭಾರತೀಯ ಅನುಮಾನಕ್ಕೆ ‘ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಕಾಣುವುದರಿಂದ’ ಎಂಬುದೇ ತರ್ಕಗ್ರಂಥಗಳ ಹಳೆಯ ನಿದರ್ಶನ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಅವಯವ. ಉದಾಹರಣೆಗೆ ಅಡುಗೆಮನೆ: ಅಲ್ಲಿ ಹೊಗೆಯೂ ಇದೆ, ಬೆಂಕಿಯೂ ಇದೆ. ಎದುರು ಉದಾಹರಣೆಗೆ ಕೆರೆ: ಬೆಂಕಿ ಇಲ್ಲ, ಹೊಗೆಯೂ ಇಲ್ಲ. ಮಕ್ಕಳಿಗೆ ನಾನು ಕಿಟಕಿಯಿಂದ ಆಚೆ ನೋಡಲು ಹೇಳುತ್ತಿದ್ದೆ. ಕಬ್ಬಿನ ಗದ್ದೆಗಳಾಚೆ ಆಲೆಮನೆಯ ಹೊಗೆ ಏಳುತ್ತಿತ್ತು. ಒಲೆ ಕಾಣುತ್ತಿರಲಿಲ್ಲ, ಕೊಪ್ಪರಿಗೆ ಕಾಣುತ್ತಿರಲಿಲ್ಲ. ಆದರೂ ಒಲೆ ಉರಿಯುತ್ತಿದೆ ಎಂದು ಎಲ್ಲರಿಗೂ ಗೊತ್ತು. ಹೇಗೆ ಗೊತ್ತು?

ಅಲ್ಲಿಂದ ಒಂದು ವಾರದ ಪಾಠ. ಹೊಗೆ ಇದ್ದಲ್ಲೆಲ್ಲ ಬೆಂಕಿ ಎನ್ನುವುದು ಸರಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಎನ್ನಬಹುದೇ? ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ ಎಂದು ನೈಯಾಯಿಕರು ಹೇಳಿದರು. ಕಮ್ಮಾರರ ಮನೆಯ ಹುಡುಗನೊಬ್ಬ ಈ ಮಾತು ಬಂದ ತಕ್ಷಣ ಎದ್ದು ನಿಂತು, ಕುಲುಮೆಯಿಂದ ತೆಗೆದ ಕುಳ ಹೇಗೆ ಕೆಂಪಗೆ ಹೊಳೆಯುತ್ತದೆ, ಹೊಗೆ ಬಾರದು ಎಂದು ವಿವರಿಸಿದ. ಹಾಗಾದರೆ ಹೊಗೆ ಬರುವುದು ಯಾವಾಗ? ಹಿಂದಿನ ಬೆಂಚಿನಿಂದ ಉತ್ತರ ಬಂತು: “ಸಿಪ್ಪೆ ಹಸಿ ಇದ್ರೆ ಸಾರ್. ಒಣಗಿದ ಸಿಪ್ಪೆ ಹಾಕಿದ್ರೆ ಅಷ್ಟು ಹೊಗೆ ಬರಲ್ಲ.” ನೈಯಾಯಿಕರು ಇದನ್ನೇ ಉಪಾಧಿ ಎಂದು ಕರೆದದ್ದು. ಒದ್ದೆ ಸೌದೆಯ ಸಂಬಂಧ ಇದ್ದರೆ ಮಾತ್ರ ಬೆಂಕಿಯಿಂದ ಹೊಗೆ. ಆಲೆಮನೆಯಲ್ಲಿ ರಜೆಯ ದಿನ ಒಲೆಗೆ ಸಿಪ್ಪೆ ಹಾಕಿದ ಹುಡುಗನಿಗೆ ಅದು ಗೊತ್ತಿತ್ತು, ಅದಕ್ಕೊಂದು ಹೆಸರಿದೆ ಎಂಬುದು ಗೊತ್ತಿರಲಿಲ್ಲ. ಮಾಗಿಯ ಬೆಳಗ್ಗೆ ವಿರಿಜಾ ನಾಲೆಯ ಮೇಲೆ ಏಳುವ ಮಂಜನ್ನು ದೂರದಿಂದ ನೋಡಿ ಹೊಗೆ ಎಂದುಕೊಂಡರೆ? ಆಗ ಹೇತುವೇ ಇಲ್ಲ, ಅನುಮಾನ ಕೆಟ್ಟಿತು. ಇದೇ ಜಾಡಿನಲ್ಲಿ ನಾನು ಅವರನ್ನು ಚುನಾವಣೆಯ ಭಾಷಣಕ್ಕೆ, ಔಷಧಿಯ ಜಾಹೀರಾತಿಗೆ, ಊರಿನಲ್ಲಿ ಹಬ್ಬುವ ಸುದ್ದಿಗೆ ಕರೆದೊಯ್ಯುತ್ತಿದ್ದೆ. ಇಲ್ಲಿ ಹೊಗೆ ಯಾವುದು, ಮಂಜು ಯಾವುದು ಎಂದು ಕೇಳುತ್ತಿದ್ದೆ. ಈಗ ಫೋನಿನಲ್ಲಿ ಬಂದ ಒಂದು ವಿಡಿಯೊ ನೋಡಿ ಊರಿಗೆ ಊರೇ ಕೆರಳುವ ಕಾಲ. ಆ ಪಾಠದ ಅಗತ್ಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಪಾಠ ಮಾತ್ರ ಕಡಿಮೆಯಾಯಿತು. ನಾನಿದ್ದ ಕಾಲೇಜಿನಲ್ಲಿ ತರ್ಕಶಾಸ್ತ್ರವಿದ್ದ ಕಾಂಬಿನೇಷನ್ನಿಗೆ ಸೇರುವವರು ವರ್ಷವರ್ಷಕ್ಕೆ ಇಳಿದರು. ಬಿಸಿನೆಸ್ ಸ್ಟಡೀಸ್, ಕಂಪ್ಯೂಟರ್ ಎಂದರೆ ತಂದೆತಾಯಂದಿರಿಗೆ ಧೈರ್ಯ. ತರ್ಕ ಎಂದರೆ, “ಅದ್ರಿಂದ ಏನ್ ಕೆಲ್ಸ ಸಿಗ್ತದೆ ಮೇಷ್ಟ್ರೇ?” ನಾನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ, ವಿಷಯವನ್ನೇ ನಿಲ್ಲಿಸಿದರು. ಯಾರ ಮೇಲೂ ನನಗೆ ಸಿಟ್ಟಿಲ್ಲ, ನೋವಿದೆ. ಮೇಲುಕೋಟೆಯ ಪಾಠಶಾಲೆ ನಡೆಯುತ್ತಿದೆ. ಎಪ್ಪತ್ತರ ದಶಕದಲ್ಲಿ ಅದೇ ಬೆಟ್ಟದಲ್ಲಿ ಸಂಸ್ಕೃತ ಸಂಶೋಧನ ಸಂಸತ್ತು ಹುಟ್ಟಿತು. ಎಂ.ಎ. ಲಕ್ಷ್ಮೀತಾತಾಚಾರ್ಯರ ಮುಂದಾಳ್ತನದಲ್ಲಿ ಅಲ್ಲಿ ಹಸ್ತಪ್ರತಿಗಳನ್ನು ಕಾಪಾಡುವುದರ ಜೊತೆಗೆ ಶಾಸ್ತ್ರವನ್ನೂ ಕಂಪ್ಯೂಟರನ್ನೂ ಎದುರುಬದುರು ಕೂರಿಸುವ ಕೆಲಸ ನಡೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರ ವಿಭಾಗ ಇದೆ. ಮೇಲಿನ ಮೆಟ್ಟಿಲುಗಳೆಲ್ಲ ಇವೆ. ಅವುಗಳನ್ನು ಮುಟ್ಟಲು ಹತ್ತಬೇಕಾದ ಮೊದಲ ಮೆಟ್ಟಿಲು, ಹಳ್ಳಿಯ ಮಕ್ಕಳು ಕಾಲಿಡುವ ಮೆಟ್ಟಿಲು, ಕಿತ್ತುಹೋಗುತ್ತಿದೆ.

ಕರ್ನಾಟಕದ ಪಿಯುಸಿ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ತರ್ಕಶಾಸ್ತ್ರ ಇನ್ನೂ ಉಳಿದಿದೆ. ಹೊಸದಾಗಿ ಯಾವ ಕಾನೂನೂ ಬೇಕಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ನಿಮ್ಮ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋದಾಗ, ತರ್ಕಶಾಸ್ತ್ರ ಇದೆಯೇ ಎಂದು ಕೇಳಿ. ಇಲ್ಲವೆಂದರೆ ನಾಲ್ಕು ಜನ ತಂದೆತಾಯಂದಿರು ಸೇರಿ ಬೇಕೆಂದು ಬರೆದುಕೊಡಿ. ಪಾಠ ಹೇಳಲು ಮೇಷ್ಟರು ಸಿಗುವವರೆಗೆ ವಾರಕ್ಕೆರಡು ದಿನ ಬಂದು ಹೇಳಿಕೊಡಲು ನಾನು ಸಿದ್ಧನಿದ್ದೇನೆ. ನನ್ನಂಥ ನಿವೃತ್ತರು ಇನ್ನೂ ಕೆಲವರು ಇದ್ದಾರೆ. ನಮಗೆ ಸಂಬಳ ಬೇಡ, ಒಂದು ಕೊಠಡಿಯೂ ಕೇಳುವ ಮಕ್ಕಳೂ ಇದ್ದರೆ ಸಾಕು.